ಚೈನೀಸ್ ಸ್ಪ್ರಿಂಗ್ ಪಿಎಚ್1ಬಿ ಗೋಧಿ ಬೀಜ: ತರಿಸ್ಕೊಳ್ಳೋ ಮುಂಚೆ ಇದನ್ನ ಓದಿ

ಕಾಡು ಸಂಬಂಧಿಗಳಿಂದ ಗೋಧಿಗೆ ಜೀನ್ ತರೋ ಕೆಲ್ಸಕ್ಕೆ ಇಳಿದೋರು ಯಾರಾದ್ರೂ ಸರಿ, ಒಂದಲ್ಲ ಒಂದು ದಿನ ಜೀನ್‌ಬ್ಯಾಂಕಿಗೆ (ಬೀಜ ಕಾಪಾಡಿ ಕೊಡೋ ಸಂಸ್ಥೆ) ಬರೆದು ತರಿಸ್ಕೊಳ್ಳೋ ಬೀಜ ಇದು, ಚೈನೀಸ್ ಸ್ಪ್ರಿಂಗ್ ತಳಿಯ ಪಿಎಚ್1ಬಿ ಮ್ಯುಟೆಂಟ್, ಅಂದ್ರೆ ಪಿಎಚ್1 ಅನ್ನೋ ಜೀನ್ ಜಾಗ ಕಳ್ಕೊಂಡ ಗೋಧಿ. ನಾನು ಇದನ್ನ ರೈ (ಗೋಧಿಗೆ ಹತ್ತಿರದ ಇನ್ನೊಂದು ಧಾನ್ಯ) ಜೊತೆ, ಬೇರೆ ಬೇರೆ ಈಜಿಲಾಪ್ಸ್ (ಗೋಧಿಯ ಕಾಡು ನೆಂಟ ಹುಲ್ಲು) ಜಾತಿಗಳ ಜೊತೆ ಬಳಸಿದೀನಿ, ಮೈಕ್ರೋಸ್ಕೋಪ್ ಕೆಳಗೆ ಇದರ ಕ್ರೋಮೋಸೋಮ್‌ಗಳನ್ನ ತುಂಬಾನೇ ನೋಡಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಕೆಲ್ಸ ಮಾಡೋ ವಿಷಯದಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್. ಆದ್ರೆ ಇದನ್ನ ಹಾಗೇ ವರ್ಷಾ ವರ್ಷಾ ಬೆಳೆದು ಕಾಳು ಇಟ್ಕೊಂಡು ಮತ್ತೆ ಬಿತ್ತಿ ಹೋಗ್ತಾ ಇದ್ರೆ ಬೀಜ ಒಳಗಿಂದ ಒಳಗೇ ಕೆಡತ್ತೆ, ಹೊರಗೆ ನೋಡಿದ್ರೆ ಗೊತ್ತೇ ಆಗಲ್ಲ, ಪ್ಯಾಕೆಟ್ ಮೇಲೆ ಇದನ್ನ ಯಾರೂ ಬರೆಯಲ್ಲ, ಅದಕ್ಕೇ ಇಷ್ಟುದ್ದ ರಿವ್ಯೂ ಬರೀತಿರೋದು.

ಹೊಸಬರಿಗೋಸ್ಕರ ಹಿನ್ನೆಲೆ ಸ್ವಲ್ಪ. ಬ್ರೆಡ್ ಗೋಧಿಲಿ 42 ಕ್ರೋಮೋಸೋಮ್, ಎ ಬಿ ಡಿ ಅಂತ ಮೂರು ಜೀನೋಮ್ (ಕ್ರೋಮೋಸೋಮ್ ಸೆಟ್), ಒಂದೊಂದರಲ್ಲಿ 7 ಜೋಡಿ. 1ಎ, 1ಬಿ, 1ಡಿ ಮೂರೂ ಹತ್ತಿರದ ನೆಂಟರು, ಜೀನ್‌ಗಳ ಸಾಲು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಆದ್ರೂ ಮಿಯೋಸಿಸ್ (ಪರಾಗ, ಅಂಡ ಆಗೋ ಮುಂಚಿನ ಕೋಶ ವಿಭಜನೆ) ಟೈಮಲ್ಲಿ 1ಎ ಹೋಗಿ 1ಬಿ ಜೊತೆ ಕೂಡಲ್ಲ, ತನ್ನ ಜೋಡಿ 1ಎ ಜೊತೆಗೇ ಕೂಡತ್ತೆ. ಈ ಶಿಸ್ತು ಕಾಯೋದು ಮುಖ್ಯವಾಗಿ 5ಬಿ ಕ್ರೋಮೋಸೋಮ್‌ನ ಉದ್ದ ತೋಳಲ್ಲಿರೋ ಪಿಎಚ್1 ಅನ್ನೋ ಜೀನ್ ಜಾಗ. 1958ರಲ್ಲಿ ಇಂಗ್ಲೆಂಡಲ್ಲಿ ರೈಲಿ ಮತ್ತು ಚಾಪ್‌ಮನ್, ಅಮೆರಿಕದಲ್ಲಿ ಸಿಯರ್ಸ್ ಮತ್ತು ಒಕಾಮೊಟೊ, ಇಬ್ಬಿಬ್ಬರು ಬೇರೆ ಬೇರೆಯಾಗಿ ಇದನ್ನ ಕಂಡುಹಿಡಿದ್ರು, 5ಬಿ ಇಲ್ಲದಿದ್ರೆ ನೆಂಟರು ನೆಂಟರೇ ಕೂಡ್ತಾರೆ ಅಂತ. ಗೋಧಿಗೆ ಇದು ದೊಡ್ಡ ಉಪಕಾರ, ಇದಿಲ್ದೆ ಗೋಧಿ ಇಷ್ಟು ಚೆನ್ನಾಗಿ ಕಾಳು ಕಟ್ತಾನೇ ಇರ್ಲಿಲ್ಲ. ನಮಗೆ ಮಾತ್ರ ಇದೇ ಅಡ್ಡ, ಯಾಕಂದ್ರೆ ಕಾಡು ಜಾತಿಯ ಕ್ರೋಮೋಸೋಮ್ ತಂದು ಗೋಧಿ ಒಳಗೆ ಇಟ್ರೆ ಇದೇ ಪಿಎಚ್1 ಅದನ್ನೂ ಗೋಧಿ ಕ್ರೋಮೋಸೋಮ್ ಜೊತೆ ಕೂಡೋಕೆ ಬಿಡಲ್ಲ, ಕೂಡ್ಲಿಲ್ಲ ಅಂದ್ರೆ ಕ್ರಾಸ್ಓವರ್ (ತುಂಡು ಅದಲುಬದಲಾಗೋದು) ಇಲ್ಲ, ಕ್ರಾಸ್ಓವರ್ ಇಲ್ಲ ಅಂದ್ರೆ ಬೇಕಾದ ಒಂದು ಜೀನ್‌ಗೋಸ್ಕರ ಇಡೀ ಕ್ರೋಮೋಸೋಮನ್ನೇ ಹೊರಬೇಕು.

ಸಿಯರ್ಸ್ 1977ರಲ್ಲಿ ಎಕ್ಸ್‌ರೇ ಕೊಟ್ಟು ಈ ಜಾಗವೇ ಕಿತ್ತುಹೋದ ಮ್ಯುಟೆಂಟ್ ಒಂದನ್ನ ಪಬ್ಲಿಷ್ ಮಾಡಿದ್ರು, ಅದೇ ಪಿಎಚ್1ಬಿ. ಇವತ್ತಿನ ರೆಫರೆನ್ಸ್ ಜೀನೋಮ್ ಇಟ್ಕೊಂಡು ಅಳೆದ್ರೆ ಕಿತ್ತುಹೋಗಿರೋದು ಸುಮಾರು 60 ಮೆಗಾಬೇಸ್, ಅಂದ್ರೆ 6 ಕೋಟಿ ಡಿಎನ್ಎ ಅಕ್ಷರ. ಈ ಸಂಖ್ಯೆ ನೆನಪಿರ್ಲಿ. ಅಷ್ಟುದ್ದ ಜಾಗದಲ್ಲಿ ನೂರಾರು ಜೀನ್ ಇರತ್ತೆ, ಕೂಡುವಿಕೆನ ನಿಜವಾಗಿ ತಡೆಯೋ ಜೀನ್ ಅದರಲ್ಲಿ ಒಂದು, ಜಡ್ಐಪಿ4 ಅನ್ನೋ ಜೀನಿನ 5ಬಿ ಕಾಪಿ ಅಂತ 2017ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್‌ನೋರು ತೋರಿಸಿದ್ರು. ಅಂದ್ರೆ ನಾವು ತರಿಸ್ಕೊಳ್ಳೋ ಬೀಜದಲ್ಲಿ ಬೇಕಿದ್ದ ಒಂದು ಜೀನ್ ಜೊತೆ ಬೇಡದ ಎಷ್ಟೋ ಜೀನೂ ಹೋಗಿದೆ.

ಈಗ ಬೀಜದ ವಿಷಯಕ್ಕೆ ಬರೋಣ. ಕವರ್‌ನಲ್ಲಿ ಬರೋದು ಕೈ ಬೆರಳಲ್ಲಿ ಎಣಿಸೋಷ್ಟು ಕಾಳು, ಜೀನ್‌ಬ್ಯಾಂಕ್‌ಗಳು ಇಂಥ ಸ್ಟಾಕ್ ಅಷ್ಟೇ ಕೊಡೋದು, ಅದರಲ್ಲಿ ತಪ್ಪೇನಿಲ್ಲ. ಮೊಳಕೆ ಚೆನ್ನಾಗೇ ಬರತ್ತೆ. ಗಿಡ ಎತ್ತರ, ಕಾಂಡ ಸಣ್ಣ, ಗಾಳಿ ಬಂದ್ರೆ ಮಲಗತ್ತೆ, ತುಕ್ಕು ಬೂದಿ ಏನೇ ರೋಗ ಬಂದ್ರೂ ಮೊದ್ಲು ಹತ್ತೋದು ಇದಕ್ಕೇ. ಇದೆಲ್ಲ ಚೈನೀಸ್ ಸ್ಪ್ರಿಂಗ್ ಅನ್ನೋ ಹಳೇ ನಾಟಿ ತಳಿಯ ಗುಣ, ಮ್ಯುಟೆಂಟ್‌ನ ಬೈಬಾರ್ದು. ಅದೇ ತಳಿಯ ಒಳ್ಳೆ ಗುಣವೂ ಇದರ ಜೊತೆ ಬರತ್ತೆ, ಅದೇನಂದ್ರೆ ಇದರಲ್ಲಿ ಬೇರೆ ಜಾತಿ ಪರಾಗ ತಡೆಯೋ ಕೆಆರ್ ಜೀನ್‌ಗಳು ರಿಸೆಸಿವ್ (ತಡೆ ಕೊಡದ) ರೂಪದಲ್ಲಿರೋದ್ರಿಂದ ಬೇರೆ ಜಾತಿಯ ಪರಾಗ ಬಿದ್ರೂ ಕಾಳು ಕಟ್ಟತ್ತೆ. ಅನೇಕ ಆಧುನಿಕ ತಳಿಗಳ ಮೇಲೆ ರೈ ಪರಾಗ ಹಾಕಿದ್ರೆ ಬಹುಪಾಲು ಹೂವು ಖಾಲಿ ಬರತ್ತೆ, ಇದ್ರ ಮೇಲೆ ಹಾಕಿದ್ರೆ ಆರಾಮಾಗಿ ಹಿಡಿಯತ್ತೆ. ದೂರದ ಜಾತಿಗಳಾದ್ರೆ ಎಂಡೋಸ್ಪರ್ಮ್ (ಭ್ರೂಣಕ್ಕೆ ಆಹಾರ ಕೊಡೋ ಭಾಗ) ಕೆಟ್ಟೋಗಿ ಕಾಳು ಬತ್ತೋ ಮುಂಚೆ ಎಳೇ ಭ್ರೂಣ ತೆಗೆದು ಮೀಡಿಯಾದಲ್ಲಿ ಬೆಳೆಸ್ಬೇಕು, ಅದಂತೂ ಯಾವ ತಳಿ ಆದ್ರೂ ತಪ್ಪಲ್ಲ.

ಬಂದ ತಕ್ಷಣ ಪಿಸಿಆರ್ (ಡಿಎನ್ಎ ತುಂಡು ಹೆಚ್ಚಿಸಿ ನೋಡೋ ಪರೀಕ್ಷೆ) ಮಾಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಪಿಎಚ್1ಬಿ ಕಂಡುಹಿಡಿಯೋಕೆ ಬಳಸೋ ಹಳೇ ಮಾರ್ಕರ್‌ಗಳೆಲ್ಲ (ಡಿಎನ್ಎ ಗುರುತುಗಳು) ಡಾಮಿನೆಂಟ್, ಅಂದ್ರೆ ಮಾಮೂಲಿ ಗೋಧಿಲಿ ಬ್ಯಾಂಡ್ ಬರತ್ತೆ, ಮ್ಯುಟೆಂಟ್‌ನಲ್ಲಿ ಜಾಗವೇ ಇಲ್ಲದ್ರಿಂದ ಬ್ಯಾಂಡ್ ಬರಲ್ಲ. ಸಮಸ್ಯೆ ಏನಪ್ಪಾ ಅಂದ್ರೆ ಡಿಎನ್ಎ ಕೆಟ್ಟಿದ್ರೂ, ಟ್ಯೂಬಿಗೆ ಪ್ರೈಮರ್ ಹಾಕೋದು ಮರೆತ್ರೂ ಬ್ಯಾಂಡ್ ಬರಲ್ಲ, ಎಲ್ಲಾ ಪಿಎಚ್1ಬಿ ಥರಾನೇ ಕಾಣತ್ತೆ. ಹಾಗಾಗಿ ಅದೇ ಟ್ಯೂಬಲ್ಲಿ ಬೇರೆ ಕ್ರೋಮೋಸೋಮ್‌ನ ಒಂದು ಮಾರ್ಕರ್ ಕಂಟ್ರೋಲ್ ಆಗಿ ಓಡಿಸ್ಲೇಬೇಕು. ಇನ್ನೊಂದು, ಹೆಟರೋಜೈಗಸ್ (ಒಂದು ಕಾಪಿ ಮಾಮೂಲಿ, ಒಂದು ಪಿಎಚ್1ಬಿ ಇರೋ) ಗಿಡದಲ್ಲೂ ಬ್ಯಾಂಡ್ ಬರತ್ತೆ, ಮಾಮೂಲಿ ಗಿಡಕ್ಕೂ ಅದಕ್ಕೂ ಈ ಥರದ ಮಾರ್ಕರ್‌ನಲ್ಲಿ ವ್ಯತ್ಯಾಸ ತಿಳಿಯಲ್ಲ, ಮುಂದಿನ ತಲೆಮಾರು ನೋಡೇ ಹೇಳ್ಬೇಕು.

ಕೆಲ್ಸ ಹೇಗೆ ಮಾಡತ್ತೆ ಅಂದ್ರೆ, ಅದ್ಭುತವಾಗಿ ಮಾಡತ್ತೆ. ಗೋಧಿ ರೈ ಹೈಬ್ರಿಡ್‌ನಲ್ಲಿ 28 ಕ್ರೋಮೋಸೋಮ್ ಇರತ್ತೆ, ಯಾವುದಕ್ಕೂ ತನ್ನದೇ ಜೋಡಿ ಇಲ್ಲ. ಪಿಎಚ್1 ಇದ್ರೆ ಒಂದು ಜೀವಕೋಶದಲ್ಲಿ ಸರಾಸರಿ ಒಂದು ಕ್ರಾಸ್ಓವರ್ ಸಿಕ್ಕಿದ್ರೆ ಹೆಚ್ಚು, ಮೆಟಾಫೇಸ್ (ಕ್ರೋಮೋಸೋಮ್‌ಗಳು ಕೋಶದ ನಡುವೆ ಸಾಲಾಗೋ ಹಂತ) ನೋಡಿದ್ರೆ ಕ್ರೋಮೋಸೋಮ್‌ಗಳೆಲ್ಲ ಒಂಟಿ ಒಂಟಿಯಾಗಿ ಚೆಲ್ಲಾಪಿಲ್ಲಿ ಬಿದ್ದಿರತ್ತೆ. ಪಿಎಚ್1ಬಿ ಹಾಕಿ ಅದೇ ಹೈಬ್ರಿಡ್ ಮಾಡಿದ್ರೆ ಕ್ರಾಸ್ಓವರ್ ಸುಮಾರು 7ಕ್ಕೆ ಏರತ್ತೆ. ಸ್ಲೈಡಲ್ಲಿ ಆ ವ್ಯತ್ಯಾಸ ಮೊದಲ ಸಲ ನೋಡೋವಾಗ ಆಗೋ ಖುಷಿನೇ ಬೇರೆ, ಕಡ್ಡಿ ಥರದ ಜೋಡಿಗಳು, ಅಲ್ಲಲ್ಲಿ ಉಂಗುರ, ಮೂರು ಮೂರು ಸೇರಿದ ಸರಪಳಿ. (ಹೊಸದಾಗಿ ಮಾಡೋರಿಗೆ ಒಂದು ಮಾತು, ಒಂದು ಹೂವಲ್ಲಿ ಮೂರು ಪರಾಗಕೋಶ ಇರತ್ತಲ್ಲ, ಮೂರೂ ಒಂದೇ ಹಂತದಲ್ಲಿ ಇರೋದು, ಅದಕ್ಕೆ ಒಂದನ್ನ ಅಸಿಟೋಕಾರ್ಮೈನ್‌ನಲ್ಲಿ ಜಜ್ಜಿ ಹಂತ ನೋಡಿ ಸರಿ ಇದ್ರೆ ಉಳಿದೆರಡನ್ನ ಫಿಕ್ಸ್ ಮಾಡಿ ಇಟ್ಕೊಳ್ಳಿ.) ಆದ್ರೆ 7 ಕ್ರಾಸ್ಓವರ್ ಅಂದ ತಕ್ಷಣ ಅದೆಲ್ಲಾ ಗೋಧಿ ಮತ್ತೆ ರೈ ಮಧ್ಯೆ ಅಂದ್ಕೋಬೇಡಿ. ಬಹುಪಾಲು ಗೋಧಿ ಗೋಧಿ ಮಧ್ಯೆನೇ ಆಗೋದು, ಎ ಜೊತೆ ಡಿ ಕೂಡೋದು ಜಾಸ್ತಿ. ರೈ ಕ್ರೋಮೋಸೋಮ್‌ಗಳ ಜೀನ್ ಸಾಲು ಹಿಂದೆ ಯಾವಾಗ್ಲೋ ಅದಲುಬದಲಾಗಿರೋದ್ರಿಂದ ಅದು ಗೋಧಿ ಜೊತೆ ಸಲೀಸಾಗಿ ಕೂಡಲ್ಲ, ರೈ ಕೆಲ್ಸಕ್ಕೆ ಇದನ್ನ ತರಿಸ್ಕೊಳ್ಳೋರು ಸಾವಿರಗಟ್ಟಲೆ ಗಿಡ ಸ್ಕ್ರೀನ್ ಮಾಡೋಕೆ ರೆಡಿ ಇರ್ಬೇಕು. ಈಜಿಲಾಪ್ಸ್‌ನಲ್ಲಿ ಗೋಧಿ ಸಾಲಿಗೆ ಹತ್ತಿರ ಇರೋ ಕ್ರೋಮೋಸೋಮ್ ಆದ್ರೆ ಇದು ಎಷ್ಟೋ ಬೇಗ ಫಲ ಕೊಡತ್ತೆ.

ಇದರಿಂದ ಏನಾಗಿದೆ ಅಂತ ಕೇಳೋರಿಗೆ ಎರಡು ಉದಾಹರಣೆ. ಕಾಂಡ ತುಕ್ಕು ತಡೆಯೋ ಎಸ್ಆರ್39 ಜೀನ್ ಈಜಿಲಾಪ್ಸ್ ಸ್ಪೆಲ್ಟಾಯ್ಡಿಸ್‌ನಿಂದ ಗೋಧಿಯ 2ಬಿ ಮೇಲೆ ಬಂದಾಗ ಜೊತೆಗೆ ದೊಡ್ಡ ಕಾಡು ತುಂಡೇ ಬಂದಿತ್ತು, ಪಿಎಚ್1ಬಿ ಬಳಸಿ ಆ ತುಂಡನ್ನ ಚಿಕ್ಕದು ಮಾಡಿದ್ರು. ಎಲೆ ತುಕ್ಕಿನ ಎಲ್ಆರ್57, ಹಳದಿ ತುಕ್ಕಿನ ವೈಆರ್40 ಈಜಿಲಾಪ್ಸ್ ಜೆನಿಕ್ಯುಲೇಟಾದಿಂದ ಚಿಕ್ಕ ತುಂಡಾಗಿ ಬಂದಿದ್ದೂ ಪಿಎಚ್1 ತಡೆ ತೆಗೆದು ಮಾಡಿದ ಕೆಲ್ಸದಿಂದಾನೇ. ತುಂಡು ಚಿಕ್ಕದಾಗೋದು ಯಾಕಷ್ಟು ಮುಖ್ಯ ಅಂದ್ರೆ, ಥಿನೋಪೈರಮ್ ಅನ್ನೋ ಕಾಡು ಹುಲ್ಲಿನಿಂದ ಬಂದ ಎಲೆ ತುಕ್ಕಿನ ಎಲ್ಆರ್19 ನೋಡಿ, ರೋಗ ನಿರೋಧಕ ಒಳ್ಳೇದೇ, ಆದ್ರೆ ಅದೇ ತುಂಡಲ್ಲಿ ಹಿಟ್ಟು ಹಳದಿ ಮಾಡೋ ಜೀನೂ ಬಂತು, ಅದರಿಂದ ಬೇಕ್ರಿ ಹಿಟ್ಟಿನ ಕಡೆಯೋರು ಅದನ್ನ ಎಷ್ಟೋ ಕಾಲ ದೂರ ಇಟ್ರು. ರೈನ 1ಆರ್ ಕ್ರೋಮೋಸೋಮ್‌ನ ಚಿಕ್ಕ ತೋಳು (1ಆರ್‌ಎಸ್) ಗೋಧಿಯ 1ಬಿ ಉದ್ದ ತೋಳಿಗೆ (1ಬಿಎಲ್) ಅಂಟಿ ಬಂದಿದ್ದು ಲೋಕದ ತುಂಬಾ ಹರಡಿತು, ಎಸ್ಆರ್31 ಅದರಲ್ಲೇ ಇತ್ತು, ಜೊತೆಗೆ ಹಿಟ್ಟು ಜಿಗುಟು ಮಾಡೋ ಸೆಕಾಲಿನ್ ಜೀನೂ ಇತ್ತು. ಸಿಯರ್ಸ್ ಅವರೇ 1956ರಲ್ಲಿ ಈಜಿಲಾಪ್ಸ್ ಅಂಬೆಲ್ಯುಲೇಟಾದಿಂದ ಎಲ್ಆರ್9 ತಂದಿದ್ದು ಎಕ್ಸ್‌ರೇ ಕೊಟ್ಟು ಕ್ರೋಮೋಸೋಮ್ ಮುರಿದು. ಎಕ್ಸ್‌ರೇಲಿ ತುಂಡು ಎಲ್ಲಿ ಬೇಕಾದ್ರೂ ಹೋಗಿ ಅಂಟಬಹುದು, ಗೋಧಿ ಕಳ್ಕೊಂಡಿದ್ದೇನು ಗಳಿಸಿದ್ದೇನು ಅನ್ನೋ ಲೆಕ್ಕ ಸರಿ ಹೋಗಲ್ಲ. ಪಿಎಚ್1ಬಿಲಿ ನೆಂಟ ಜಾಗಕ್ಕೆ ನೆಂಟ ಜಾಗವೇ ಬದಲಾಗೋದ್ರಿಂದ ಗೋಧಿಯ 2ಬಿ ತುಂಡು ಹೋದಲ್ಲಿ ಸ್ಪೆಲ್ಟಾಯ್ಡಿಸ್‌ನ 2ಎಸ್‌ನ ಅದೇ ಜೀನ್‌ಗಳು ಬಂದು ಕೂರತ್ತೆ, ಗಿಡ ಸೊರಗೋದು ಕಮ್ಮಿ. ನನಗೆ ಈ ಬೀಜದ ಮೇಲೆ ಇಷ್ಟು ಪ್ರೀತಿ ಇರೋದು ಇದಕ್ಕೇ.

ಈಗ ಕೆಟ್ಟ ಭಾಗ. ಪಿಎಚ್1 ಇಲ್ಲ ಅಂದಮೇಲೆ ಕಾಡು ಕ್ರೋಮೋಸೋಮ್ ಒಂದಕ್ಕೇ ದಾರಿ ಬಿಡಲ್ಲ ಅದು, ಗೋಧಿಯ ಎ ಬಿ ಡಿ ಎಲ್ಲಾ ಸೇರ್ಕೊಂಡು ಒಂದರ ತುಂಡು ಇನ್ನೊಂದಕ್ಕೆ ಹೋಗೋಕೆ ಶುರು ಆಗತ್ತೆ. ಪಿಎಚ್1ಬಿ ಗಿಡದ ಮಿಯೋಸಿಸ್ ನೋಡಿದ್ರೆ ಬಹಳಷ್ಟು ಕೋಶದಲ್ಲಿ 21 ಜೋಡಿ ಬದ್ಲು ಒಂದೆರಡು ಒಂಟಿ, ಒಂದು ನಾಲ್ಕರ ಉಂಗುರ ಅಂತ ಕಾಣತ್ತೆ. ಒಂಟಿ ಉಳಿದದ್ದು ಅನಾಫೇಸ್‌ನಲ್ಲಿ (ಕ್ರೋಮೋಸೋಮ್‌ಗಳು ಎರಡು ಕಡೆ ಬೇರಾಗೋ ಹಂತ) ಹಿಂದೆ ಬೀಳತ್ತೆ, ಕಳೆದುಹೋಗತ್ತೆ, ಇಲ್ಲಾ ಸೆಂಟ್ರೋಮಿಯರ್‌ನಲ್ಲಿ (ಎರಡು ತೋಳು ಸೇರೋ ಜಾಗ) ಮುರಿದು ಒಂದು ತೋಳು ಮಾತ್ರ ಉಳಿಯತ್ತೆ. ಮುಂದಿನ ತಲೆಮಾರಲ್ಲಿ 41 ಇರೋ ಗಿಡ, 43 ಇರೋ ಗಿಡ, 42 ಇದ್ರೂ ಒಳಗೆ ತುಂಡು ಬದಲಾದ ಗಿಡ. ಈ ಬದಲಾವಣೆ ಒಂದು ಸಲ ಆಯ್ತು ಅಂದ್ರೆ ವಾಪಸ್ ಹೋಗಲ್ಲ, ಅದೂ ಅಲ್ದೆ ಬದಲಾದ ಕ್ರೋಮೋಸೋಮ್‌ಗೆ ಈಗ ಎರಡು ಕಡೆ ಹೋಲಿಕೆ ಇರೋದ್ರಿಂದ ಮುಂದಿನ ಮಿಯೋಸಿಸ್‌ನಲ್ಲಿ ಇನ್ನೂ ಸುಲಭವಾಗಿ ತಪ್ಪು ಜೋಡಿ ಹಿಡಿಯತ್ತೆ, ಹೀಗೆ ತಲೆಮಾರು ಹೋದಂಗೆ ಹೋದಂಗೆ ರಾಶಿ ಬೀಳತ್ತೆ. ಕಾಳೂ ಕಮ್ಮಿ ಆಗತ್ತೆ, 5ಬಿಯ ಜಡ್ಐಪಿ4 ಇಲ್ಲ ಅಂದ್ರೆ ಅರ್ಧದವರೆಗೂ ಕಾಳು ನಷ್ಟ ಆಗತ್ತೆ ಅಂತ ಆಮೇಲಿನ ಕೆಲ್ಸದಲ್ಲಿ ತೋರಿಸಿದಾರೆ.

ಇದರಲ್ಲಿ ನನ್ನನ್ನ ಹೆಚ್ಚು ಕಾಡೋ ವಿಷಯ ಅಂದ್ರೆ ಇದು ಕಾಣದೇ ಹೋಗೋದು. ನಾವೆಲ್ಲ ಜಿಐಎಸ್ಎಚ್ ಮಾಡ್ತೀವಿ, ಕಾಡು ಜಾತಿಯ ಡಿಎನ್ಎಗೆ ಬಣ್ಣ ಹಚ್ಚಿ ಪ್ರೋಬ್ ಮಾಡಿ, ಗೋಧಿ ಡಿಎನ್ಎನ ಬಣ್ಣ ಇಲ್ದೆ ಬ್ಲಾಕಿಂಗ್‌ಗೆ ಹಾಕಿ, ಹಸಿರು ತುಂಡು ಚಿಕ್ಕದಾಗಿ ಕಂಡ ತಕ್ಷಣ ಸಂಭ್ರಮ ಪಡ್ತೀವಿ. ಆ ಸ್ಲೈಡಲ್ಲಿ ಗೋಧಿ ಕ್ರೋಮೋಸೋಮ್ ಎಲ್ಲಾ ಒಂದೇ ನೀಲಿ. 4ಎಯ ತುಂಡು 7ಡಿಗೆ ಹೋಗಿದ್ರೂ, 2ಡಿ ತುದಿ ಕಳ್ಕೊಂಡಿದ್ರೂ ಅದು ಹೇಳಲ್ಲ. ಆ ಗಿಡವನ್ನ ಬ್ರೀಡರ್ ಕೈಗೆ ಕೊಡ್ತೀವಿ, ಅವರು ಬೆಳೆದು ಇಳುವರಿ ಇಲ್ಲ ಅಂತಾರೆ, ಬೈಸ್ಕೊಳ್ಳೋದು ಕಾಡು ಜೀನ್. ಲಿಂಕೇಜ್ ಡ್ರ್ಯಾಗ್ (ಬೇಕಾದ ಜೀನ್ ಜೊತೆ ಅಂಟಿ ಬಂದ ಕೆಟ್ಟ ಗುಣ) ಅಂತ ಪಟ್ಟ ಕಟ್ತಾರೆ. ನಿಜವಾಗಿ ಸೊರಗಿಸ್ತಿರೋದು ಪಿಎಚ್1ಬಿ ಹಿನ್ನೆಲೆಲಿ ಆದ ಗೋಧಿ ಗೋಧಿ ಬದಲಾವಣೆ ಇರಬಹುದು, ಅದನ್ನ ಯಾರೂ ನೋಡೇ ಇರಲ್ಲ. ಒಳ್ಳೇ ಜೀನ್ ಒಂದು ಹೀಗೆ ಸುಮ್ನೆ ಮೂಲೆಗೆ ಬೀಳೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಆದ್ದರಿಂದ ದಯವಿಟ್ಟು ಜಿಐಎಸ್ಎಚ್ ಆದಮೇಲೆ ಅದೇ ಸ್ಲೈಡ್ ಮೇಲೆ ಆಲಿಗೋ ಪ್ರೋಬ್‌ಗಳ (ಬಣ್ಣ ಹಚ್ಚಿದ ಚಿಕ್ಕ ಡಿಎನ್ಎ ತುಂಡು) ಎಫ್ಐಎಸ್ಎಚ್ ಮಾಡಿ, 21 ಜೋಡಿನೂ ಗುರುತಿಸಿ, ಇಲ್ಲಾ ಎಸ್ಎನ್‌ಪಿ ಆರೇ (ಡಿಎನ್ಎ ಅಕ್ಷರ ವ್ಯತ್ಯಾಸ ಓದೋ ಚಿಪ್) ಇಲ್ಲಾ ಕಮ್ಮಿ ಕವರೇಜ್ ಸೀಕ್ವೆನ್ಸಿಂಗ್ ಓಡಿಸಿ ಡೋಸೇಜ್ (ಯಾವ ಭಾಗ ಎಷ್ಟು ಕಾಪಿ ಇದೆ) ನೋಡಿ. ಬೇರಿನ ತುದಿನ ನೈಟ್ರಸ್ ಆಕ್ಸೈಡ್‌ಗೆ ಇಟ್ರೆ ಮೆಟಾಫೇಸ್ ಕೋಶ ಧಾರಾಳವಾಗಿ ಸಿಗತ್ತೆ, ತಣ್ಣೀರಲ್ಲಿ ಇಡೋದಕ್ಕಿಂತ ಎಷ್ಟೋ ವಾಸಿ.

ನನ್ನ ದೂರು ಬೀಜದ ಮೇಲಿಲ್ಲ, ಬೀಜ ಕೊಡೋರ ಮೇಲೆ. ನಾವು ಬರೆದ ಜೀನ್‌ಬ್ಯಾಂಕ್‌ನೋರು ಕಾಗದಪತ್ರ ಎಲ್ಲಾ ಅಚ್ಚುಕಟ್ಟಾಗಿ ಮಾಡಿದ್ರು, ಮೆಟೀರಿಯಲ್ ಟ್ರಾನ್ಸ್‌ಫರ್ ಅಗ್ರಿಮೆಂಟ್, ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಯಾವುದರಲ್ಲೂ ತಕರಾರಿಲ್ಲ, ಮೇಲ್‌ಗೆ ಉತ್ತರನೂ ಬೇಗ ಬಂತು. ಆದ್ರೆ ಈ ಕಾಳು ಮೂಲದಿಂದ ಎಷ್ಟನೇ ತಲೆಮಾರಿನದು, ಕೊನೇ ಸಲ ಬೆಳೆದಾಗ ಕ್ರೋಮೋಸೋಮ್ ಎಣಿಸಿದ್ರಾ, ಒಂದೇ ಗಿಡದ ಕಾಳಾ ಇಲ್ಲಾ ಬೆರೆಸಿದ್ದಾ ಅನ್ನೋದು ಒಂದೂ ಚೀಟಿಲಿ ಇರ್ಲಿಲ್ಲ. ಮಾಮೂಲಿ ತಳಿಗೆ ಇದು ಬೇಕಾಗಿಲ್ಲ, ತಲೆಮಾರು ಹೋದಂಗೆ ತಾನೇ ಬದಲಾಗೋ ಸ್ಟಾಕ್‌ಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇಲ್ಲ. ಇನ್ನೊಂದು ಲ್ಯಾಬ್‌ನಿಂದ ಕೈಬದಲು ಬಂದ ಕಾಳು ನೋಡಿದಾಗಂತೂ ಬೇಜಾರಾಯ್ತು, ಮಾರ್ಕರ್ ಪ್ರಕಾರ ಪಕ್ಕಾ ಪಿಎಚ್1ಬಿ, ಎಫ್ಐಎಸ್ಎಚ್ ಮಾಡಿದ್ರೆ ಕಂಡಿದ್ದೆಲ್ಲ ಟ್ರಾನ್ಸ್‌ಲೊಕೇಶನ್ (ತುಂಡು ಜಾಗ ಬದಲಾಗಿರೋದು), ತೆನೆ ಅರ್ಧ ಖಾಲಿ. ಸ್ನೇಹಕ್ಕೆ ಕೊಡ್ತಾರೆ, ಕೆಟ್ಟ ಉದ್ದೇಶ ಇರಲ್ಲ, ಆದ್ರೆ ತಗೊಂಡೋರು ಅದರ ಮೇಲೆ ಪಿಎಚ್‌ಡಿ ಕಟ್ತಾರೆ ಅನ್ನೋದು ನೆನಪಿರ್ಬೇಕು.

ಇಟ್ಕೊಳ್ಳೋದು ಹೇಗೆ ಅಂದ್ರೆ, ಹೋಮೋಜೈಗಸ್ (ಎರಡೂ ಕಾಪಿ ಪಿಎಚ್1ಬಿ) ಆಗಿ ಸೆಲ್ಫ್ ಮಾಡ್ತಾ (ಅದರದ್ದೇ ಪರಾಗದಿಂದ ಕಾಳು ಕಟ್ಟಿಸ್ತಾ) ಇಟ್ಕೊಳ್ಳೋ ಬದ್ಲು ಮಾಮೂಲಿ ಚೈನೀಸ್ ಸ್ಪ್ರಿಂಗ್‌ಗೆ ಬ್ಯಾಕ್‌ಕ್ರಾಸ್ (ಮೂಲ ತಳಿಗೇ ಮತ್ತೆ ಕ್ರಾಸ್) ಮಾಡಿ ಹೆಟರೋಜೈಗಸ್ ಆಗಿ ಇಟ್ಕೊಳ್ಳಿ, ಪಿಎಚ್1ರ ಒಂದು ಕಾಪಿ ಇದ್ರೂ ಶಿಸ್ತು ಬಹುಮಟ್ಟಿಗೆ ಉಳಿಯತ್ತೆ. ಬೇಕಾದಾಗ ಅದನ್ನ ಸೆಲ್ಫ್ ಮಾಡಿದ್ರೆ ನಾಲ್ಕರಲ್ಲಿ ಒಂದು ಹೊಸ ಪಿಎಚ್1ಬಿ ಸಿಗತ್ತೆ, ಅದನ್ನ ಎಣಿಸಿ, ನೋಡಿ, ಕ್ರಾಸ್‌ಗೆ ಬಳಸಿ. ಕೆಲ್ಸದ ಪ್ಲ್ಯಾನೂ ಹೀಗೇ ಇರ್ಲಿ. ಕಾಡು ಕ್ರೋಮೋಸೋಮ್ ಇರೋ ಸಬ್‌ಸ್ಟಿಟ್ಯೂಶನ್ ಲೈನ್ (ಒಂದು ಗೋಧಿ ಜೋಡಿ ಬದ್ಲು ಕಾಡು ಜೋಡಿ ಇರೋ ಗೋಧಿ) ತಗೊಂಡು ಪಿಎಚ್1ಬಿಗೆ ಕ್ರಾಸ್ ಮಾಡಿ, ಮತ್ತೆ ಪಿಎಚ್1ಬಿಗೆ ಬ್ಯಾಕ್‌ಕ್ರಾಸ್ ಮಾಡಿ, ಬಂದ ಗಿಡಗಳಲ್ಲಿ ಪಿಎಚ್1ಬಿ ಎರಡೂ ಕಾಪಿ ಇದ್ದು, ಕಾಡು ಕ್ರೋಮೋಸೋಮ್ ಒಂದು, ಅದರ ಗೋಧಿ ನೆಂಟ ಒಂದು ಇರೋದನ್ನ ಆರಿಸಿ. ಇಬ್ಬರೂ ಒಂಟಿಯಾಗಿದ್ದಾಗಲೇ ಕೂಡೋದು ಜಾಸ್ತಿ. ಆ ಗಿಡದಿಂದ ರೀಕಾಂಬಿನೆಂಟ್ (ಕಾಡು ತುಂಡು ಗೋಧಿ ಕ್ರೋಮೋಸೋಮ್‌ಗೆ ಸೇರಿದ ಗಿಡ) ಸಿಕ್ಕ ತಕ್ಷಣ, ಇನ್ನೂ ಚಿಕ್ಕದು ಸಿಗ್ಲಿ ಅಂತ ಅದೇ ಹಿನ್ನೆಲೆಲಿ ಇನ್ನೊಂದು ತಲೆಮಾರು ಬಿಡದೆ, ಮಾಮೂಲಿ ಗೋಧಿಗೆ ಕ್ರಾಸ್ ಮಾಡಿ ಪಿಎಚ್1 ವಾಪಸ್ ತನ್ನಿ. ಇನ್ನೂ ಚಿಕ್ಕ ತುಂಡು ಬೇಕಂದ್ರೆ ಸಿಯರ್ಸ್ ತೋರಿಸಿದ ದಾರಿ ಇದೆ, ಜೀನ್‌ನ ಆ ಕಡೆ ತುಂಡಾದ ಗಿಡ ಒಂದು, ಈ ಕಡೆ ತುಂಡಾದ ಗಿಡ ಒಂದು ಇಟ್ಕೊಂಡು ಎರಡನ್ನೂ ಕ್ರಾಸ್ ಮಾಡಿದ್ರೆ ಮಧ್ಯದ ಕಾಡು ಭಾಗ ಎರಡರಲ್ಲೂ ಒಂದೇ ಆಗಿರೋದ್ರಿಂದ ಪಿಎಚ್1 ಇದ್ರೂ ಅಲ್ಲಿ ಕ್ರಾಸ್ಓವರ್ ಆಗತ್ತೆ, ಎರಡೂ ಪಕ್ಕದ ಕಾಡು ಭಾಗ ಬಿಟ್ಟು ಹೋಗತ್ತೆ. ಎಷ್ಟು ಚಂದದ ಯೋಚನೆ ಅಂತ ಇವತ್ತಿಗೂ ಅನ್ಸತ್ತೆ.

ಬೇರೆ ಆಯ್ಕೆಗಳನ್ನೂ ಹೇಳ್ಬೇಕು. 3ಡಿಯ ಪಿಎಚ್2 ಮ್ಯುಟೆಂಟ್ ಇದೆ, ಅದರ ಜೀನ್ ಎಂಎಸ್ಎಚ್7 ಅಂತ 2021ರಲ್ಲಿ ತಿಳೀತು, ಗೋಧಿ ಅದರಲ್ಲಿ ಅಷ್ಟು ಕೆಡಲ್ಲ, ಆದ್ರೆ ಹೈಬ್ರಿಡ್‌ನಲ್ಲಿ ಕೂಡಿಸೋ ಶಕ್ತಿನೂ ಕಮ್ಮಿ. ಈಜಿಲಾಪ್ಸ್ ಸ್ಪೆಲ್ಟಾಯ್ಡಿಸ್‌ನಿಂದ ಬಂದ ಪಿಎಚ್ಐ ಲೈನ್ ಇದೆ, ಡಾಮಿನೆಂಟ್ ಆಗಿರೋದ್ರಿಂದ ಎಫ್1ನಲ್ಲೇ (ಮೊದಲ ಹೈಬ್ರಿಡ್ ತಲೆಮಾರು) ಕೆಲ್ಸ ಮಾಡತ್ತೆ, ಒಂದು ತಲೆಮಾರು ಉಳಿಯತ್ತೆ. ಗ್ಯಾಮೆಟೊಸೈಡಲ್ ಅನ್ನೋ ಕಾಡು ಕ್ರೋಮೋಸೋಮ್‌ಗಳು ಕ್ರೋಮೋಸೋಮ್ ಮುರಿಯೋದ್ರಲ್ಲಿ ಗಟ್ಟಿಗರು, ಈಜಿಲಾಪ್ಸ್ ಸಿಲಿಂಡ್ರಿಕಾದ 2ಸಿ ಬಳಸಿ ಎಂಡೊ ಮತ್ತು ಗಿಲ್ 1996ರಲ್ಲಿ 436 ಡಿಲೀಷನ್‌ಗಳ (ಕಿತ್ತುಹೋದ ಜಾಗ) ಸ್ಟಾಕ್ ಕೊಟ್ರು, ಮ್ಯಾಪಿಂಗ್‌ಗೆ ಅದು ಬಂಗಾರ, ಆದ್ರೆ ತುಂಡು ಸರಿಯಾದ ಜಾಗಕ್ಕೆ ಕೂರೋ ಭರವಸೆ ಇಲ್ಲ. ನನಗೆ ಹೆಚ್ಚು ಆಸೆ ಇರೋದು ಕ್ಯಾಡೆಂಜಾ ತಳಿಯ ಜಡ್ಐಪಿ4 ಟಿಲ್ಲಿಂಗ್ ಮ್ಯುಟೆಂಟ್‌ಗಳ ಮೇಲೆ (ತುಂಬಾ ಮ್ಯುಟೆಂಟ್ ಮಾಡಿ, ಬೇಕಾದ ಜೀನ್ ಬದಲಾದ್ದನ್ನ ಹುಡುಕಿ ತೆಗೆದವು). ಅದರಲ್ಲಿ 60 ಮೆಗಾಬೇಸ್ ಕಿತ್ತಿಲ್ಲ, ಒಂದು ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ, ಹೈಬ್ರಿಡ್‌ನಲ್ಲಿ ಪಿಎಚ್1ಬಿ ಮಟ್ಟಕ್ಕೇ ಕೂಡಿಸತ್ತೆ, ತಳಿನೂ ಚೈನೀಸ್ ಸ್ಪ್ರಿಂಗ್‌ಗಿಂತ ಗದ್ದೆಗೆ ಹತ್ತಿರ. ಇಎಂಎಸ್ ಅನ್ನೋ ರಾಸಾಯನಿಕ ಕೊಟ್ಟು ಮಾಡಿದ್ದಾದ್ರಿಂದ ಹಿನ್ನೆಲೆಲಿ ಬೇರೆ ಮ್ಯುಟೇಷನ್ ಸಾವಿರಾರು ಇರತ್ತೆ, ಬ್ಯಾಕ್‌ಕ್ರಾಸ್ ಮಾಡಿ ತೊಳೀಬೇಕು. ಹೊಸದಾಗಿ ಶುರು ಮಾಡೋರು ಎರಡನ್ನೂ ತರಿಸ್ಕೊಳ್ಳಿ. ಪಿಎಚ್1ಬಿ ಬಳಸ್ಲಿ ಜಡ್ಐಪಿ4 ಬಳಸ್ಲಿ, ಹೈಬ್ರಿಡ್ ಗಿಡಕ್ಕೆ ಮಿಯೋಸಿಸ್ ಮುಂಚೆ ಮೆಗ್ನೀಸಿಯಮ್ ಇರೋ ಪೋಷಕ ದ್ರಾವಣ ಹಾಕಿದ್ರೆ ಕ್ರಾಸ್ಓವರ್ ಹೆಚ್ಚುತ್ತೆ ಅಂತ 2018ರಲ್ಲಿ ಪ್ರಕಟವಾಗಿದೆ, ಖರ್ಚಿಲ್ಲದ ಕೆಲ್ಸ, ಬಿಡ್ಬೇಡಿ.

ರೇಟಿಂಗ್ ಕೇಳಿದ್ರೆ ಬೀಜಕ್ಕೆ 5ಕ್ಕೆ 4, ಜೊತೆಗೆ ಬರೋ ಮಾಹಿತಿಗೆ 5ಕ್ಕೆ 2. ಆರ್ಡರ್ ಹಾಕೋವಾಗ ಮೇಲ್‌ನಲ್ಲೇ ತಲೆಮಾರು ಎಷ್ಟು, ಕ್ರೋಮೋಸೋಮ್ ಎಣಿಸಿದ ದಾಖಲೆ ಇದೆಯಾ ಅಂತ ಕೇಳಿ, ಮಾಮೂಲಿ ಚೈನೀಸ್ ಸ್ಪ್ರಿಂಗ್ ಕಾಳನ್ನೂ ಅದೇ ಬ್ಯಾಂಕ್‌ನಿಂದ ಅದೇ ಸಲಕ್ಕೆ ಕೇಳಿ ತಗೊಳ್ಳಿ, ಬ್ಯಾಕ್‌ಕ್ರಾಸ್‌ಗೂ ಬೇಕು, ಎಫ್ಐಎಸ್ಎಚ್‌ನಲ್ಲಿ ಹೋಲಿಸಿ ನೋಡೋಕೂ ಬೇಕು.